ಇಂಗ್ಲಿಷ್ ಕಲಿಯುವವರು ಲೈಬ್ರರಿಯಲ್ಲಿ ಏನು ಕೇಳಬಹುದು, ಹೇಗೆ ಕೇಳಬಹುದು? ನಿಮ್ಮ ಅನುಭವ ಹೇಳಿ

ಹಾಸನದಿಂದ ಫ್ಲಶಿಂಗ್‌ಗೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಮದುವೆಯಾಗಿ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದು ಎರಡು ವರ್ಷವಾಯಿತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಗಂಡ ಆಫೀಸಿಗೆ ಹೋದರೆ ಸಂಜೆವರೆಗೆ ಮನೆಯಲ್ಲಿ ನಾನೊಬ್ಬಳೇ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ಭಾನುವಾರ ಬೌನ್ ಸ್ಟ್ರೀಟ್‌ನ ಗಣೇಶನ ಗುಡಿಗೆ ಹೋಗಿದ್ದೆವು. ಕ್ಯಾಂಟೀನಿನಲ್ಲಿ ದೋಸೆ ತಿಂದು 7ನೇ ನಂಬರಿನ ರೈಲು ಹಿಡಿಯಲು ಮೇನ್ ಸ್ಟ್ರೀಟ್‌ಗೆ ನಡೆದು ಬರುವಾಗ ದೊಡ್ಡ ಗಾಜಿನ ಕಟ್ಟಡ ಕಾಣಿಸಿತು. ಕ್ವೀನ್ಸ್ ಪಬ್ಲಿಕ್ ಲೈಬ್ರರಿಯ ಫ್ಲಶಿಂಗ್ ಶಾಖೆ. ಮಾರನೇ ದಿನ ಒಬ್ಬಳೇ ಹೋದೆ. ಮೂರು ದಿನ ಹೋಗಿ ಮೂಲೆಯಲ್ಲಿ ಕೂತು, ಯಾರ ಹತ್ತಿರವೂ ಮಾತಾಡದೆ ವಾಪಸ್ ಬಂದೆ.

ನಾಲ್ಕನೇ ದಿನ ಅಲ್ಲಿನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ಹುಡುಕಿದೆ. ಹೆಸರಿನ ಕೆಳಗೆ 'ಕಾಲ್ ನಂಬರ್' ಎಂದು ಬರೆದು 428 ಅಂತ ಶುರುವಾಗುವ ಒಂದು ಸಂಖ್ಯೆ ಇತ್ತು. ಕಾಲ್ ಅಂದರೆ ಫೋನ್ ಮಾಡುವುದು ಅಲ್ವಾ? ಫೋನ್ ಮಾಡಿದರೆ ಪುಸ್ತಕ ತಂದುಕೊಡುತ್ತಾರೆ ಅಂದುಕೊಂಡೆ. ಆದರೆ ಸಂಖ್ಯೆ ತುಂಬ ಚಿಕ್ಕದಿತ್ತು. ಕೊನೆಗೆ ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಅದರ ಕೆಳಗೆ ನಾನು ಹೇಳಬೇಕಾದ ವಾಕ್ಯವನ್ನೂ ಬರೆದುಕೊಂಡೆ. ಡೆಸ್ಕಿನ ಹತ್ತಿರ ಹೋಗಿ ಓದಿದೆ: 'ಎಕ್ಸ್‌ಕ್ಯೂಸ್ ಮಿ, ಕುಡ್ ಯು ಹೆಲ್ಪ್ ಮಿ ಫೈಂಡ್ ದಿಸ್ ಬುಕ್?'

ಆ ಹೆಂಗಸು ಬೆರಳು ತೋರಿಸಿ ಕಳಿಸಲಿಲ್ಲ. ಎದ್ದು ಬಂದರು. ಕಾಲ್ ನಂಬರ್ ಅಂದರೆ ಫೋನ್ ನಂಬರ್ ಅಲ್ಲ, ಪುಸ್ತಕ ಯಾವ ಕಪಾಟಿನಲ್ಲಿ ಎಲ್ಲಿದೆ ಅಂತ ತೋರಿಸುವ ಸಂಖ್ಯೆ ಅಂತ ಆಗ ಗೊತ್ತಾಯಿತು. ಕಪಾಟಿನವರೆಗೆ ನಡೆಯುತ್ತಾ ಊರು ಯಾವುದು, ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರು. ಐದು ನಿಮಿಷ ಮಾತಾಡಿದೆವು. ಅಮೆರಿಕಕ್ಕೆ ಬಂದ ಮೇಲೆ ಗಂಡನ ಸಹಾಯವಿಲ್ಲದೆ ಇಂಗ್ಲಿಷ್‌ನಲ್ಲಿ ನಾನು ಆಡಿದ ಮೊದಲ ಮಾತುಕತೆ ಅದು. ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಲೈಬ್ರರಿಗೆ ಹೋದಾಗಲೆಲ್ಲ ಒಂದಾದರೂ ನಿಜವಾದ ಪ್ರಶ್ನೆ ತೆಗೆದುಕೊಂಡು ಹೋಗುವುದು. ಪುಸ್ತಕಕ್ಕಿಂತ ಆ ಪ್ರಶ್ನೆಯಿಂದಲೇ ನನ್ನ ಇಂಗ್ಲಿಷ್ ಜಾಸ್ತಿ ಬೆಳೆಯಿತು.

ನೀವೆಲ್ಲ ಏನು ಕೇಳುತ್ತೀರಿ? ನಮ್ಮ ಕರ್ನಾಟಕದ ಲೈಬ್ರರಿಗಳಲ್ಲಿ ಹೀಗೆ ಕೇಳುವವರು ಇದ್ದೀರಾ?

ವೈಟ್‌ಫೀಲ್ಡ್ ಕನ್ನಡಿಗ

ಒಳ್ಳೆಯ ಅನುಭವ. ಆದರೆ ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈಗ ಎಲ್ಲವೂ ಫೋನಿನಲ್ಲಿದೆ. ಪದದ ಅರ್ಥ, ಉಚ್ಚಾರಣೆ, ಮಾತಾಡಿಸುವ ಆ್ಯಪ್, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಚಾಟ್‌ಬಾಟ್, ಎಲ್ಲ ಇದೆ. ನಾನು ಸ್ವಲ್ಪ ಸುಧಾರಿಸಿದ್ದೂ ಹಾಗೇ. ಲೈಬ್ರರಿವರೆಗೆ ಹೋಗುವ ಸಮಯದಲ್ಲಿ ಮನೆಯಲ್ಲೇ ಒಂದು ಗಂಟೆ ಅಭ್ಯಾಸ ಮಾಡಬಹುದಲ್ಲ?

ಹಾಸನದಿಂದ ಫ್ಲಶಿಂಗ್‌ಗೆ

ನಾನೂ ಆ್ಯಪ್ ಬಳಸುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಫೋನಿನ ಮುಂದೆ ನನಗೆ ಭಯವೇ ಆಗುವುದಿಲ್ಲ. ಮನುಷ್ಯರ ಮುಂದೆ ನಿಂತಾಗ ಗಂಟಲು ಕಟ್ಟುತ್ತದಲ್ಲ, ನಾನು ದಾಟಬೇಕಿದ್ದದ್ದು ಅದನ್ನು. ಅಂಗಡಿಯಲ್ಲಿ ಹಿಂದೆ ಸಾಲು ನಿಂತಿರುತ್ತದೆ, ತಡವರಿಸಿದರೆ ಗಾಬರಿಯಾಗುತ್ತದೆ. ಆಸ್ಪತ್ರೆಯಲ್ಲಿ ಒಂದು ಪದ ತಪ್ಪಿದರೂ ಕಷ್ಟ. ಲೈಬ್ರರಿ ಡೆಸ್ಕಿನಲ್ಲಿ ಕೂತವರಿಗೆ ನನ್ನ ಮಾತು ಕೇಳಿಸಿಕೊಳ್ಳುವುದೇ ಕೆಲಸ. ದುಡ್ಡಿಲ್ಲ, ಅವಸರವಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡಿ ಅಂತ ಹೇಳುತ್ತಿದ್ದೇನೆ.

ಎಡಿಸನ್ ಮನೆಮಗಳು

ನಮ್ಮ ಅಮ್ಮನ ಕಥೆ ಹೇಳಲೇಬೇಕು. ನನ್ನ ಬಾಣಂತನಕ್ಕೆ ಅಂತ ತುಮಕೂರಿನಿಂದ ಆರು ತಿಂಗಳಿಗೆ ನ್ಯೂಜೆರ್ಸಿಗೆ ಬಂದಿದ್ದರು. ಏಳನೇ ಕ್ಲಾಸಿನವರೆಗೆ ಓದಿದವರು. ದೊಡ್ಡ ಮಗನನ್ನು ಲೈಬ್ರರಿಯ ಸ್ಟೋರಿ ಟೈಮ್‌ಗೆ ಕರೆದುಕೊಂಡು ಹೋಗುವ ಕೆಲಸ ಅವರದಾಯಿತು. ಅಲ್ಲಿ ಮಕ್ಕಳಿಗೆ ಚಿತ್ರದ ಪುಸ್ತಕವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಓದುತ್ತಾರೆ. ಒಂದೇ ಸಾಲು ಹತ್ತು ಸಲ ಬರುತ್ತದೆ. ಮೊಮ್ಮಗನ ಪಕ್ಕದಲ್ಲಿ ಕೂತು ಅಮ್ಮನೂ ಹೇಳಿಕೊಳ್ಳಲು ಶುರು ಮಾಡಿದರು.

ಬೇಸಿಗೆ ಹತ್ತಿರ ಬಂದಾಗ ಲೈಬ್ರರಿಯ ಒಂದು ಮೂಲೆಯಲ್ಲಿ ಚಿಕ್ಕ ಚಿಕ್ಕ ಡ್ರಾಯರುಗಳು ಕಾಣಿಸಿದವು. ಬೀಜ ಹಂಚುವ ಲೈಬ್ರರಿ. ಅಮೆರಿಕದಲ್ಲಿ ಇಂಥವು ಎಷ್ಟೋ ಊರುಗಳಲ್ಲಿ ಇವೆ. ಬೀಜ ಪುಕ್ಕಟೆ ತಂದು ಬಿತ್ತಿ, ಸಾಧ್ಯವಾದರೆ ಬೆಳೆದ ಗಿಡದಿಂದ ಬೀಜ ತೆಗೆದು ವಾಪಸ್ ಕೊಡುವುದು. ಅಮ್ಮ ಅಲ್ಲಿ ನಿಂತು ನನಗೆ ಫೋನ್ ಮಾಡಿದರು. 'ಮೆಂತ್ಯಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?' ಫೆನುಗ್ರೀಕ್ ಅಂದೆ. ಫೋನ್ ಇಟ್ಟು ಅವರೇ ಹೋಗಿ ಕೇಳಿದರು: 'ಫೆನುಗ್ರೀಕ್ ಸೀಡ್, ಪ್ಲೀಸ್?' ಇರಲಿಲ್ಲ. ಆದರೆ ಆ ಲೈಬ್ರೇರಿಯನ್‌ಗೆ ಅದೇನು ಅಂತ ಗೊತ್ತಿರಲಿಲ್ಲ. ಹಾಗಾಗಿ ಅಮ್ಮನೇ ವಿವರಿಸಬೇಕಾಯಿತು. ಲೀಫ್, ಸ್ಮಾಲ್, ಬಿಟರ್, ಕುಕಿಂಗ್. ನಾಲ್ಕು ಪದ, ಎರಡು ಕೈ. ಮುಂದಿನ ವಾರ ಮನೆಯ ಡಬ್ಬದಿಂದ ಒಂದು ಹಿಡಿ ಮೆಂತ್ಯ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿಕೊಂಡು ಬಂದರು. ತುಮಕೂರಿಗೆ ವಾಪಸ್ ಹೋಗುವ ಹೊತ್ತಿಗೆ ಅವರನ್ನು ಅಲ್ಲಿ ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಕಾರ್ಡ್ ಸಿಗುತ್ತದೋ ಇಲ್ಲವೋ ಅನ್ನುವುದು ಆಯಾ ಊರಿನ ನಿಯಮ. ಒಳಗೆ ಹೋಗಿ ಕೂರಲು, ಓದಲು, ಕೇಳಲು ಕಾರ್ಡ್ ಬೇಕಿಲ್ಲ. ದಯವಿಟ್ಟು ಅವರನ್ನು ಮನೆಯಲ್ಲೇ ಕೂರಿಸಬೇಡಿ.

ಟೆಕ್ಸಾಸ್ ಪುಸ್ತಕದ ಹುಳು

ನಾನು ಇಲ್ಲಿನ ಒಂದು ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ, ಡೆಸ್ಕಿನ ಆಚೆ ಬದಿಯಲ್ಲಿ ಕೂರುವವಳು. ಇಷ್ಟು ವರ್ಷ ನಮ್ಮ ಕಡೆಯವರು ಬಂದು ಏನೂ ಕೇಳದೆ ವಾಪಸ್ ಹೋಗುವುದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಬಾಗಿಲ ಹತ್ತಿರದ ಡೆಸ್ಕ್ ಸಾಮಾನ್ಯವಾಗಿ ಪುಸ್ತಕ ಕೊಡುವ ತಗೊಳ್ಳುವ ಜಾಗ. ಪ್ರಶ್ನೆಗೆ ಬೇರೆ ಡೆಸ್ಕ್ ಇರುತ್ತದೆ. 'ರೆಫರೆನ್ಸ್' ಅಂತಲೋ 'ಇನ್ಫರ್ಮೇಶನ್' ಅಂತಲೋ ಬೋರ್ಡ್ ಇರುತ್ತದೆ. ಚಿಕ್ಕ ಊರಿನಲ್ಲಿ ಎರಡೂ ಒಂದೇ ಆಗಿರಬಹುದು.

ನೀವು ಒಂದು ಪ್ರಶ್ನೆ ಕೇಳಿದರೆ ನಾವು ತಿರುಗಿ ಎರಡು ಪ್ರಶ್ನೆ ಕೇಳುತ್ತೇವೆ. ಇಲ್ಲೇ ನಮ್ಮ ಜನ ಹಿಂದೆ ಸರಿಯುವುದು. 'ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲ' ಅಂದುಕೊಂಡು 'ಇಟ್ಸ್ ಓಕೆ, ಇಟ್ಸ್ ಓಕೆ' ಅಂತ ಹೊರಟುಬಿಡುತ್ತಾರೆ. ಹಾಗಲ್ಲ. ಇಂಗ್ಲಿಷ್ ಮಾತೃಭಾಷೆಯವರಿಗೂ ನಾವು ಹಾಗೇ ಕೇಳುತ್ತೇವೆ. ಲೈಬ್ರರಿ ಶಾಸ್ತ್ರದಲ್ಲಿ ಇದನ್ನು ರೆಫರೆನ್ಸ್ ಇಂಟರ್‌ವ್ಯೂ ಅನ್ನುತ್ತಾರೆ, ಇದಕ್ಕೆ ತರಬೇತಿಯೇ ಇದೆ. ಯಾಕೆಂದರೆ ಯಾರೂ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಮೊದಲೇ ಕೇಳುವುದಿಲ್ಲ. 'ಆರೋಗ್ಯದ ಪುಸ್ತಕ ಎಲ್ಲಿವೆ' ಅನ್ನುತ್ತಾರೆ. ಬೇಕಾಗಿರುವುದು ಸಕ್ಕರೆ ಕಾಯಿಲೆ ಇರುವ ಅತ್ತೆಗೆ ಯಾವ ಅಡುಗೆ ಮಾಡಬೇಕು ಅನ್ನುವುದು. ಕೇಳುತ್ತಾ ಹೋದರೆ ಮಾತ್ರ ಅಲ್ಲಿಗೆ ತಲುಪುತ್ತೇವೆ. ಅರ್ಥವಾಗದಿದ್ದರೆ 'ಕುಡ್ ಯು ಸೇ ದಟ್ ಅಗೇನ್, ಸ್ಲೋಲಿ?' ಅಥವಾ 'ಕುಡ್ ಯು ರೈಟ್ ಇಟ್ ಡೌನ್?' ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಕೆಲವು ಪದಗಳು. 'ಐ ಹ್ಯಾವ್ ಎ ಡೌಟ್' ಅನ್ನಬೇಡಿ. ನಮಗೆ ಡೌಟ್ ಅಂದರೆ ಪ್ರಶ್ನೆ. ಇಲ್ಲಿಯವರಿಗೆ ಅದು 'ನನಗೆ ನಂಬಿಕೆ ಇಲ್ಲ' ಅಂದ ಹಾಗೆ ಕೇಳಿಸುತ್ತದೆ. 'ಐ ಹ್ಯಾವ್ ಎ ಕ್ವೆಶ್ಚನ್' ಸಾಕು. ಪುಸ್ತಕ 'ಇಶ್ಯೂ' ಮಾಡಿಸುವುದನ್ನು ಇಲ್ಲಿ 'ಚೆಕ್ ಔಟ್' ಅನ್ನುತ್ತಾರೆ. ಬೇರೆಯವರ ಹತ್ತಿರ ಇರುವ ಪುಸ್ತಕವನ್ನು ನಿಮಗಾಗಿ ತೆಗೆದಿಡಿಸುವುದು 'ಹೋಲ್ಡ್'. ಬಾರೋ, ಲೆಂಡ್ ಎರಡರಲ್ಲಿ ಎಲ್ಲರೂ ಎಡವುತ್ತಾರೆ. ಕನ್ನಡದಲ್ಲಿ ಕಡ ಕೊಡುವುದು, ಕಡ ತರುವುದು ಅಂತ ಒಂದೇ ಪದಕ್ಕೆ ಬೇರೆ ಬೇರೆ ಕ್ರಿಯಾಪದ ಸೇರಿಸುತ್ತೇವೆ. ಇಂಗ್ಲಿಷ್‌ನಲ್ಲಿ ಪದವೇ ಬೇರೆ. ನೀವು ಬಾರೋ ಮಾಡುತ್ತೀರಿ, ಲೈಬ್ರರಿ ಲೆಂಡ್ ಮಾಡುತ್ತದೆ.

ಹೆಸರು ಬಿಡಿಸಿ ಹೇಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ನಾವು 'ಹೆಚ್' ಅನ್ನುತ್ತೇವೆ, ಇಲ್ಲಿ 'ಏಚ್'. ನಮ್ಮ 'ಝಡ್' ಇಲ್ಲಿ 'ಝೀ'. ಹೋಲ್ಡ್ ಪುಸ್ತಕಗಳನ್ನು ಎಷ್ಟೋ ಕಡೆ ಕೊನೆಯ ಹೆಸರಿನ ಪ್ರಕಾರ ಜೋಡಿಸಿರುತ್ತಾರೆ. ನಮ್ಮಲ್ಲಿ ಪಾಸ್‌ಪೋರ್ಟಿನ ಕೊನೆಯ ಹೆಸರು ಅಪ್ಪನದೋ ಊರಿನದೋ ಆಗಿರುತ್ತದೆ. ಪುಸ್ತಕ ಕಾಣದಿದ್ದರೆ ಅಪ್ಪನ ಹೆಸರಿನ ಅಕ್ಷರದ ಹತ್ತಿರ ನೋಡಿ, ಅಲ್ಲೇ ಇರುತ್ತದೆ!

ನಾವು ಮಾಡಲಾಗದ್ದೂ ಇದೆ. ವಕೀಲರ ಸಲಹೆ, ಡಾಕ್ಟರ ಸಲಹೆ ನಾವು ಕೊಡುವ ಹಾಗಿಲ್ಲ. ವೀಸಾಗೆ ಯಾವ ಫಾರ್ಮ್ ತುಂಬಬೇಕು ಅಂತ ಹೇಳುವುದಿಲ್ಲ. ಅದರ ಬಗ್ಗೆ ನಂಬುವಂಥ ಮಾಹಿತಿ ಎಲ್ಲಿದೆ, ಸಹಾಯ ಎಲ್ಲಿ ಸಿಗುತ್ತದೆ ಅಂತ ಖಂಡಿತ ತೋರಿಸುತ್ತೇವೆ. ಅಂದ ಹಾಗೆ, ಏನು ಓದಿದಿರಿ, ಏನು ಕೇಳಿದಿರಿ ಅನ್ನುವುದನ್ನು ನಾವು ಬೇರೆಯವರಿಗೆ ಹೇಳುವುದಿಲ್ಲ. ಓದುಗರ ದಾಖಲೆ ಗುಟ್ಟಾಗಿಡಬೇಕು ಅಂತ ಬಹುತೇಕ ರಾಜ್ಯಗಳಲ್ಲಿ ಕಾನೂನೇ ಇದೆ.

ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನುವ ಭಯ ಇರುವವರಿಗೆ ಒಂದು ವಿಷಯ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯವರಿಗೆ 2014ರಲ್ಲಿ ಒಂದು ಹಳೇ ಡಬ್ಬಿ ಸಿಕ್ಕಿತು. ಅದರ ತುಂಬ ದಶಕಗಳ ಹಿಂದೆ ಜನ ಕೇಳಿದ ಪ್ರಶ್ನೆಗಳ ಕಾರ್ಡುಗಳು. ಆನೆ ಅಟ್ಟಿಸಿಕೊಂಡು ಬಂದ ಹಾಗೆ ಕನಸು ಬಿದ್ದರೆ ಏನರ್ಥ ಅಂತ ಕೇಳಿದವರೂ ಇದ್ದರು. ಇಂಥ ಪ್ರಶ್ನೆಯನ್ನೂ ಬರೆದಿಟ್ಟುಕೊಂಡ ಜನ ಇವರು. 428 ಎಲ್ಲಿದೆ ಅಂತ ಕೇಳಲು ನೀವು ಯಾಕೆ ಹಿಂಜರಿಯಬೇಕು?

ದಾವಣಗೆರೆ ಬೆಣ್ಣೆ

ಓದಿ ಖುಷಿಯಾಯಿತು, ಬೇಜಾರೂ ಆಯಿತು. ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಪದವಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪತ್ರಿಕೆಯಲ್ಲೇ ಪ್ರತಿ ಸಲ ಅಂಕ ಹೋಗುತ್ತದೆ. ದಿನಾ ಒಂದು ಸಾರ್ವಜನಿಕ ಲೈಬ್ರರಿಗೆ ಹೋಗುತ್ತೇನೆ. ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ನಮ್ಮಂಥ ಹುಡುಗರು ಎಲ್ಲರೂ ತಮ್ಮದೇ ಗೈಡ್ ತಂದು ಕೂತು ಓದುತ್ತಾರೆ. ಒಮ್ಮೆ ಬೀಗ ಹಾಕಿದ ಬೀರುವಿನಲ್ಲಿ ಇಂಗ್ಲಿಷ್ ವ್ಯಾಕರಣದ ಪುಸ್ತಕ ಕಂಡು, ನೋಡಬಹುದಾ ಅಂತ ಕೇಳಿದೆ. 'ಸುಮ್ನೆ ಕೂತು ಓದು, ಬೇಕಾದ್ದು ಟೇಬಲ್ ಮೇಲಿದೆ' ಅಂದರು. ಎಲ್ಲರೂ ತಿರುಗಿ ನೋಡಿದರು. ಆಮೇಲೆ ನಾನು ಏನೂ ಕೇಳಿಲ್ಲ. ಅಮೆರಿಕದ ಮಾತು ಇಲ್ಲಿ ನಡೆಯುತ್ತಾ?

ನಿವೃತ್ತ ಗ್ರಂಥಪಾಲಕ

ತಮ್ಮಾ, ಆ ಮಾತು ಓದಿ ನೋವಾಯಿತು. ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು. ಹಾಗೆ ಹೇಳಬಾರದಿತ್ತು. ಕಾರಣಗಳಿವೆ, ಸಮರ್ಥನೆ ಅಲ್ಲ. ಒಬ್ಬನೇ ಬಾಗಿಲು ತೆಗೆಯಬೇಕು, ಪೇಪರ್ ಜೋಡಿಸಬೇಕು, ಪುಸ್ತಕ ಕೊಡಬೇಕು, ಲೆಕ್ಕ ಬರೆಯಬೇಕು. ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವನೂ ಅವನೇ. ಆ ಭಯಕ್ಕೆ ಬೀರುವಿಗೆ ಬೀಗ ಬೀಳುತ್ತದೆ. ಆದರೆ ಬೀಗದೊಳಗಿನ ಪುಸ್ತಕ ಯಾರಿಗೂ ಬೇಡ.

ಇದನ್ನು ನಾನು ಹೇಳುತ್ತಿರುವುದಲ್ಲ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಬರೆದರು. ಮೊದಲನೆಯದೇ ಪುಸ್ತಕಗಳಿರುವುದು ಬಳಸುವುದಕ್ಕೆ ಎಂಬುದು. ನಾಲ್ಕನೆಯದು, ಓದುಗನ ಸಮಯ ಉಳಿಸು. ಪ್ರಶ್ನೆ ಕೇಳಿದವನಿಗೆ ಉತ್ತರ ಹುಡುಕಿಕೊಡುವುದೂ ಅದರಲ್ಲೇ ಬಂತು. ಅವರು ಮೊದಲು ಗಣಿತದ ಮೇಷ್ಟ್ರು. ಚಿಕ್ಕಂದಿನಿಂದ ಉಗ್ಗು ಇತ್ತು. ಮಾತು ತಡವರಿಸುವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಅಲ್ಲೇ ಗ್ರಂಥಾಲಯ ತರಬೇತಿ ಕೇಂದ್ರ ಕಟ್ಟಿದರು. ಹಾಗಾಗಿ ಇದನ್ನು ಅಮೆರಿಕದ ಮಾತು ಅನ್ನಬೇಡ. ನಮ್ಮ ಮನೆಯ ಮಾತೂ ಹೌದು.

ಇನ್ನೊಂದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡು, ಅದರಲ್ಲಿ ಆ ಸಾಲು ಇರುತ್ತದೆ. ಯಾರದೋ ದಯೆಯಿಂದ ನೀನು ಅಲ್ಲಿ ಕೂತಿಲ್ಲ.

ಈಗ ಹೀಗೆ ಮಾಡು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಡ, ಆಗ ಪೇಪರಿಗೆ ಜನ ಮುಗಿಬೀಳುತ್ತಾರೆ. ಹನ್ನೊಂದರ ಮೇಲೆ ಹೋಗು. ಪುಸ್ತಕದ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡು. ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತದೆ, ಚೀಟಿ ಮೇಜಿನ ಮೇಲೆ ಉಳಿಯುತ್ತದೆ. 'ಇಲ್ಲೇ ಕೂತು ನೋಡಿ ವಾಪಸ್ ಕೊಡುತ್ತೇನೆ' ಅನ್ನು. ಆ ಒಂದು ಮಾತಿಗೆ ಅರ್ಧ ಬೀಗ ತೆಗೆಯುತ್ತದೆ. ಸದಸ್ಯತ್ವ ಇಲ್ಲದಿದ್ದರೆ ಮೊದಲು ಮಾಡಿಸು. ಲೈಬ್ರರಿಯಲ್ಲಿ ಇಲ್ಲದ ಪುಸ್ತಕವಾದರೆ, ತರಿಸಿಕೊಡಿ ಅಂತ ಅರ್ಜಿ ಬರೆದುಕೊಡು. ಪುಸ್ತಕ ಆಯ್ಕೆಯ ಹೊತ್ತಿಗೆ ಯಾರೂ ಏನೂ ಕೇಳಿಲ್ಲವಲ್ಲ ಅಂತ ನಾನು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇನೆ.

ಹಳ್ಳಿ ಕಡೆಯವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನೂ ಮರೆಯಬೇಡಿ. ಹಳೇ ಪಂಚಾಯಿತಿ ಲೈಬ್ರರಿಗಳೇ ಈಗ ಆ ಹೆಸರಿನಲ್ಲಿವೆ. ಕೆಲವು ಕಡೆ ಕಂಪ್ಯೂಟರ್ ಕೂಡ ಇದೆ.

ಧಾರವಾಡದ ಇಂಗ್ಲಿಷ್ ಮೇಷ್ಟ್ರು

ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ದಾವಣಗೆರೆ ಗೆಳೆಯನಿಗೆ ಎರಡು ಮಾತು.

ವ್ಯಾಕರಣದ ದಪ್ಪ ಪುಸ್ತಕ ಮೊದಲೇ ಬೇಡ. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇದೆಯಾ ಅಂತ ಕೇಳು. ಅದರಲ್ಲಿ ಪ್ರತಿ ಪದದ ಅರ್ಥವನ್ನೂ ಎರಡು ಮೂರು ಸಾವಿರ ಸುಲಭ ಪದಗಳ ಒಳಗೇ ಹೇಳಿರುತ್ತಾರೆ. ಅರ್ಥ ಹುಡುಕಲು ಹೋಗಿ ಅರ್ಥದೊಳಗೆ ಇನ್ನೊಂದು ಕಷ್ಟದ ಪದ ಸಿಗುವ ಗೋಳು ಇಲ್ಲ. ಆಮೇಲೆ ಮಕ್ಕಳ ವಿಭಾಗಕ್ಕೆ ಹೋಗು, ನಾಚಿಕೆ ಬೇಡ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಸಿಕ್ಕರೆ ಆ ಪುಸ್ತಕ ಇಟ್ಟು ಬೇರೆ ತಗೋ. ನಾನು ನನ್ನ ಮಕ್ಕಳಿಗೆ ಹೇಳುವ ಲೆಕ್ಕ ಇದು.

ಇನ್ನು ಫ್ಲಶಿಂಗ್ ತಂಗಿ ಬರೆದುಕೊಂಡು ಹೋದ ವಾಕ್ಯದಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. 'ಆ ಪುಸ್ತಕ ಕೊಡಿ' ಅಂದರೆ ಆ 'ಇ'ಕಾರವೇ ಕೈ ಮುಗಿದ ಹಾಗೆ. ಅದನ್ನೇ ಪದಕ್ಕೆ ಪದ ಇಟ್ಟು 'ಗಿವ್ ಮಿ ದಟ್ ಬುಕ್' ಅಂದರೆ 'ಆ ಪುಸ್ತಕ ಕೊಡು' ಅಂತ ಗದರಿದ ಹಾಗಾಗುತ್ತದೆ. ಇಂಗ್ಲಿಷ್‌ನಲ್ಲಿ ಆ ಮರ್ಯಾದೆಯನ್ನು ವಾಕ್ಯದ ತಲೆಗೆ ತರಬೇಕು. 'ಕುಡ್ ಯು', 'ವುಡ್ ಯು', 'ಮೇ ಐ'. ನಮ್ಮವರು ಒರಟಾಗಿ ಮಾತಾಡುತ್ತಾರೆ ಅಂತ ಯಾರಾದರೂ ಅಂದುಕೊಂಡರೆ ಕಾರಣ ಸ್ವಭಾವ ಅಲ್ಲ, ಈ ಅನುವಾದ. ಇದನ್ನು ಯಾವ ಪಠ್ಯದಲ್ಲೂ ನಾನು ಕಂಡಿಲ್ಲ, ತರಗತಿಯಲ್ಲಿ ಮಕ್ಕಳ ಮಾತು ಕೇಳಿ ಕೇಳಿ ತಿಳಿದುಕೊಂಡೆ.

ಟೊರಾಂಟೊ ಚಳಿ

ಚಿಕ್ಕದಾಗಿ ಸೇರಿಸುತ್ತೇನೆ. ಕೆನಡಾಗೆ ಹೊಸದಾಗಿ ಬರುವವರು ಲೈಬ್ರರಿಯಲ್ಲಿ 'ಸೆಟಲ್‌ಮೆಂಟ್ ವರ್ಕರ್' ಯಾವ ದಿನ ಸಿಗುತ್ತಾರೆ ಅಂತ ಕೇಳಿ. ಟೊರಾಂಟೊದ ಹಲವು ಶಾಖೆಗಳಲ್ಲಿ ಇದ್ದಾರೆ. ಮನೆ, ಶಾಲೆ, ಆರೋಗ್ಯ ಕಾರ್ಡ್, ಇಂಗ್ಲಿಷ್ ತರಗತಿ, ಎಲ್ಲಕ್ಕೂ ದಾರಿ ಹೇಳುತ್ತಾರೆ, ದುಡ್ಡಿಲ್ಲ. ದಂಡಕ್ಕೆ ಹೆದರಿ ಪುಸ್ತಕ ತರದವರಿಗೂ ಒಂದು ಮಾತು: ಟೊರಾಂಟೊದಲ್ಲಿ ತಡವಾದರೆ ಹಾಕುವ ದಂಡವನ್ನು 2022ರಲ್ಲಿ ತೆಗೆದುಹಾಕಿದರು. ನ್ಯೂಯಾರ್ಕ್‌ನಲ್ಲೂ ಇಲ್ಲ ಅಲ್ವಾ?

ಹಾಸನದಿಂದ ಫ್ಲಶಿಂಗ್‌ಗೆ

ಹೌದು, ಇಲ್ಲಿ 2021ರಲ್ಲೇ ತೆಗೆದರು. ಪುಸ್ತಕ ಕಳೆದರೆ ಮಾತ್ರ ಅದರ ಬೆಲೆ ಕೊಡಬೇಕು.

ಮೇಷ್ಟ್ರೇ, 'ಕೊಡಿ' ಬಗ್ಗೆ ನೀವು ಹೇಳಿದ್ದು ಓದಿ ಕಣ್ಣು ತುಂಬಿತು. ಮೊದಲ ತಿಂಗಳು ಅಂಗಡಿಯಲ್ಲಿ 'ಗಿವ್ ಮಿ ಒನ್ ಬ್ಯಾಗ್' ಅಂದಾಗ ಆ ಹುಡುಗಿಯ ಮುಖ ಬಿಗಿಯಾಯಿತು. ನನ್ನ ಬಣ್ಣ ನೋಡಿ ಹಾಗೆ ಮಾಡಿದಳು ಅಂತ ಎಷ್ಟೋ ದಿನ ಕೊರಗಿದ್ದೆ. ಇರಬಹುದು, ಇಲ್ಲದೆಯೂ ಇರಬಹುದು. ಈಗ 'ಕುಡ್ ಐ ಗೆಟ್ ಎ ಬ್ಯಾಗ್' ಅನ್ನುತ್ತೇನೆ. ಅದು ನನಗೆ ಬಂದದ್ದು ಲೈಬ್ರರಿಯ ಮಾತುಕತೆ ಗುಂಪಿನಲ್ಲಿ. ಮೇಜಿನ ಸುತ್ತ ಚೀನಾ, ಕೊರಿಯಾ, ಕೊಲಂಬಿಯಾ, ಬಾಂಗ್ಲಾದೇಶದವರೆಲ್ಲ ಕೂರುತ್ತೇವೆ. ಎಲ್ಲರ ಇಂಗ್ಲಿಷೂ ಬೇರೆ ಬೇರೆ ಥರ ಮುರಿದಿರುತ್ತದೆ, ಆದರೂ ಎಲ್ಲರಿಗೂ ಅರ್ಥವಾಗುತ್ತದೆ. ಇಂಥ ಗುಂಪು ಇದೆ ಅಂತಲೂ ನನಗೆ ಗೊತ್ತಾದದ್ದು ಡೆಸ್ಕಿನಲ್ಲಿ ಕೇಳಿದ್ದಕ್ಕೆ.

ದಾವಣಗೆರೆ ಬೆಣ್ಣೆ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಗ್ರಂಥಪಾಲಕರು ಹೇಳಿದ ಹಾಗೇ ಹನ್ನೊಂದೂವರೆಗೆ ಹೋದೆ. ಚೀಟಿ ಕೊಟ್ಟೆ. ಆವತ್ತು ಕೂತಿದ್ದದ್ದು ಬೇರೆಯವರು. ಚೀಟಿ ಓದಿ, ಕೀಲಿ ಹುಡುಕಲು ಹತ್ತು ನಿಮಿಷ ತೆಗೆದುಕೊಂಡರು. ಬೀರು ತೆರೆದರೆ ಒಳಗೆ ಕಲಿಯುವವರ ನಿಘಂಟು ಎರಡು ಪ್ರತಿ ಇದ್ದವು, ಒಂದರ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರಲಿಲ್ಲ. 'ಇದನ್ನು ಯಾರೂ ಕೇಳಿಲ್ಲಪ್ಪ' ಅಂದರು. ಈಗ ದಿನಾ ನನಗೆ ಅಂತ ಟೇಬಲ್ ಮೇಲೆ ತೆಗೆದಿಡುತ್ತಾರೆ. ನಿನ್ನೆ ಪಕ್ಕದ ಹುಡುಗ ಇದು ಎಲ್ಲಿ ಸಿಕ್ಕಿತು ಅಂತ ಕೇಳಿದ. ಎರಡನೇ ಪ್ರತಿ ಅವನು ತಗೊಂಡ.

ಮಾತಾಡುವ ಅಭ್ಯಾಸಕ್ಕೆ ಮಾತ್ರ ಜಾಗ ಸಿಕ್ಕಿಲ್ಲ. ಒಳಗೆ ಮಾತಾಡುವ ಹಾಗಿಲ್ಲವಲ್ಲ.

ನಿವೃತ್ತ ಗ್ರಂಥಪಾಲಕ

ಹೊರಗೆ ಜಗಲಿ ಇದೆಯಾ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಅಲ್ಲಿ ಕೂತು ಇಂಗ್ಲಿಷ್‌ನಲ್ಲಿ ಮಾತಾಡುತ್ತೇವೆ, ನಾಲ್ಕು ಜನ ಇದ್ದೇವೆ ಅಂತ ಒಂದು ಅರ್ಜಿ ಬರೆದು ಅವರ ಕೈಗೆ ಕೊಡು. ಆ ಪಕ್ಕದ ಹುಡುಗನ ಸಹಿಯನ್ನೂ ಹಾಕಿಸು.